ಬಾರ್‌ಕೋಡ್ ಕಂಪನಿಯ ಪೆನ್ನಿ ಷೇರು: ಇನ್ನಷ್ಟು ಕೊಂಡು ಆವರೇಜ್ ಮಾಡಬೇಕೇ?

ಪ್ರಶ್ನೆ: ನಾವು ಐದು ಮಂದಿ ಸ್ನೇಹಿತರು, ಎಲ್ಲರೂ ಮುಂಬಯಿಯಲ್ಲಿ ಹೋಟೆಲ್ ಮತ್ತು ಕ್ಯಾಟರಿಂಗ್ ವ್ಯವಹಾರದಲ್ಲಿರುವವರು. ಎರಡು ವರ್ಷಗಳ ಹಿಂದೆ ಬಿಎಸ್‌ಇಯಲ್ಲಿ ಲಿಸ್ಟ್ ಆಗಿರುವ ಒಂದು ಸಣ್ಣ ಕಂಪನಿಯ ಷೇರುಗಳನ್ನು ಕೊಂಡೆವು. ಔಷಧಗಳ ಪೊಟ್ಟಣದ ಮೇಲಿನ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ಎಂದು ತಿಳಿಯುವ ತಂತ್ರಜ್ಞಾನ ತನ್ನದೆಂದು ಕಂಪನಿ ಹೇಳುತ್ತದೆ. ನನ್ನ ಬಳಿ 60,000 ಷೇರುಗಳಿವೆ, ಸರಾಸರಿ 4.10 ರೂಪಾಯಿಗೆ ಕೊಂಡದ್ದು, ಈಗ 1.30ಕ್ಕೆ ಇಳಿದಿದೆ. ಪೇಟೆಂಟ್ ಸಿಕ್ಕಿದೆ, ದೊಡ್ಡ ಔಷಧ ಕಂಪನಿಯೊಂದಿಗೆ ಒಪ್ಪಂದವಾಗಲಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ದಿನವೂ ಬರುತ್ತದೆ. ಈಗ ಮಾರುವವರು ಮಿಕ್ಕವರಿಗೆ ದ್ರೋಹ ಮಾಡಿದಂತೆ ಎಂದು ಅಡ್ಮಿನ್ ಬರೆಯುತ್ತಾರೆ. ಈ ನಡುವೆ, ಪ್ರವರ್ತಕರಲ್ಲದ (ಎಂದರೆ ಕಂಪನಿಯನ್ನು ಕಟ್ಟಿ ನಡೆಸುವವರಲ್ಲದ) ಆರು ಮಂದಿಗೆ 1.50 ರೂಪಾಯಿಯಂತೆ 12 ಕೋಟಿ ವಾರಂಟ್ (ಮುಂದೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕು) ಕೊಡುವ ಪ್ರಸ್ತಾಪಕ್ಕೆ ಮತ ಹಾಕಿ ಎಂದು ಇ-ಮೇಲ್ ಬಂದಿದೆ. ಪೇಟೆಯ ಬೆಲೆಗಿಂತ ಹೆಚ್ಚು ಕೊಟ್ಟು ಬರುವವರಿದ್ದಾರೆ ಎಂದರೆ ಒಳ್ಳೆಯ ಸೂಚನೆಯಲ್ಲವೇ? ಇನ್ನೂ 60,000 ಕೊಂಡು ಆವರೇಜ್ ಮಾಡಲೇ, ಅಂದರೆ ಕೊಂಡ ಸರಾಸರಿ ಬೆಲೆಯನ್ನು ತಗ್ಗಿಸಿಕೊಳ್ಳಲೇ? ಅಮೆರಿಕದಲ್ಲಿ ಇಂಥ ಕಂಪನಿಗಳಿಗೆ ಏನಾಯಿತು?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಪತ್ರದೊಂದಿಗೆ ಬಂದ ವಾರ್ಷಿಕ ವರದಿ, ಆರು ತ್ರೈಮಾಸಿಕಗಳ ಷೇರುದಾರರ ವಿವರ ಮತ್ತು ಅಂಚೆ ಮತದಾನದ ನೋಟಿಸು ಮೂರನ್ನೂ ಓದಿದ್ದೇನೆ. ನಾನು ಲೆಕ್ಕಪರಿಶೋಧಕನೇ ಹೊರತು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರನಲ್ಲ. ಇಂದೇ ಮಾರಿ, ನಾಳೆ ಕೊಳ್ಳಿ ಎಂಬ ಮಾತು ನನ್ನಿಂದ ಬರಲಾರದು. ಆದರೆ ಈ ಕಾಗದಗಳಲ್ಲಿ ಏನಿದೆ ಎಂಬುದನ್ನು ಹೇಳಬಲ್ಲೆ, ಮತ್ತು ಅಲ್ಲಿರುವುದು ನಿಮ್ಮ ಗುಂಪಿನಲ್ಲಿ ಓಡಾಡುತ್ತಿರುವ ಸುದ್ದಿಗಿಂತ ತೀರ ಬೇರೆಯಾಗಿದೆ.

ನಿಮ್ಮ ಗುಂಪಿನ ವಾದದಲ್ಲಿ ಒಂದು ಭಾಗ ಪೂರ್ತಿ ನಿಜ. ಮೊಬೈಲಿನಿಂದ ಸ್ಕ್ಯಾನ್ ಮಾಡುವ ಕೋಡುಗಳು ಗೆದ್ದಿವೆ. ಮಾಟುಂಗದ ಹೂವಿನ ಅಂಗಡಿಯಿಂದ ಹಿಡಿದು ನಿಮ್ಮದೇ ಹೋಟೆಲಿನ ಗಲ್ಲಾಪೆಟ್ಟಿಗೆಯವರೆಗೆ ಕ್ಯೂಆರ್ ಕೋಡ್ ಇಲ್ಲದ ಜಾಗವೇ ಈ ಊರಿನಲ್ಲಿ ಉಳಿದಿಲ್ಲ. ಆದರೆ ಆ ಗೆಲುವಿನ ಹಣ ಯಾರ ಜೇಬಿಗೆ ಹೋಯಿತು ಎಂದು ಕೇಳಿದರೆ ಉತ್ತರ ನಿಮ್ಮ ಕಂಪನಿಯಂಥವುಗಳಿಗೆ ಅನುಕೂಲವಾಗಿಲ್ಲ. ಕ್ಯೂಆರ್ ಕೋಡನ್ನು 1994ರಲ್ಲಿ ರೂಪಿಸಿದ್ದು ಜಪಾನಿನ ಡೆನ್ಸೊ ವೇವ್, ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ. ಪೇಟೆಂಟ್ ಕೈಯಲ್ಲಿದ್ದರೂ, ನಿಗದಿತ ಮಾನದಂಡಕ್ಕೆ ಅನುಗುಣವಾಗಿ ಬಳಸುವವರ ಮೇಲೆ ಅದನ್ನು ಚಲಾಯಿಸುವುದಿಲ್ಲವೆಂದು ಆ ಕಂಪನಿ ಮೊದಲೇ ನಿರ್ಧರಿಸಿತು. ಕೋಡು ಲೋಕವಿಡೀ ಹಬ್ಬಿದ್ದಕ್ಕೆ ಅದೇ ದೊಡ್ಡ ಕಾರಣ. ನಮ್ಮಲ್ಲಿ ಯುಪಿಐ 2016ರಲ್ಲಿ, ಭಾರತ್ ಕ್ಯೂಆರ್ 2017ರ ಫೆಬ್ರವರಿಯಲ್ಲಿ ಬಂದವು. 2020ರ ಜನವರಿಯಿಂದ, ಬ್ಯಾಂಕ್ ಖಾತೆಯ ಮೂಲಕ ಮಾಡುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು, ಪಾವತಿ ಸಂಸ್ಥೆಗಳು ತಮ್ಮದೇ ಪ್ರತ್ಯೇಕ ಕೋಡುಗಳನ್ನು ಹೊಸದಾಗಿ ತರಕೂಡದು, ಇರುವವನ್ನು 2022ರ ಮಾರ್ಚ್ 31ರೊಳಗೆ ಎಲ್ಲ ಆ್ಯಪ್‌ಗಳೂ ಓದಬಲ್ಲ ಕೋಡಿಗೆ ಬದಲಿಸಬೇಕು ಎಂದು ಆದೇಶಿಸಿತು. ಕೋಡು ಎಲ್ಲರ ಸ್ವತ್ತಾಯಿತು. ಹಣ ಮಾಡುತ್ತಿರುವವರು ಸೌಂಡ್‌ಬಾಕ್ಸ್ ಬಾಡಿಗೆಯಲ್ಲೋ ವ್ಯಾಪಾರಿಗೆ ಕೊಡಿಸುವ ಸಾಲದಲ್ಲೋ ಮಾಡುತ್ತಿದ್ದಾರೆ. ಚೌಕದ ಚಿತ್ರದಿಂದ ಯಾರಿಗೂ ಗೇಣಿ ಬರುತ್ತಿಲ್ಲ.

ಅಮೆರಿಕದ ಕಥೆ ಇದಕ್ಕಿಂತ ಹಳೆಯದು, ಹೆಚ್ಚು ಕಹಿಯಾದದ್ದು. ನಿಯೋಮೀಡಿಯಾ ಟೆಕ್ನಾಲಜೀಸ್ ಎಂಬ ಕಂಪನಿ, ಬಾರ್‌ಕೋಡನ್ನು ಓದಿ ಅಂತರ್ಜಾಲದ ಪುಟಕ್ಕೆ ಕೊಂಡೊಯ್ಯುವ ವಿಧಾನದ ಮೇಲೆ ಪೇಟೆಂಟುಗಳನ್ನು ಹೊಂದಿತ್ತು. ಆ ಪೇಟೆಂಟುಗಳಲ್ಲೊಂದನ್ನು ಮರುಪರಿಶೀಲಿಸಬೇಕೆಂದು ಡಿಜಿಟಲ್ ಹಕ್ಕುಗಳ ಪರ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ಸಂಸ್ಥೆ 2007ರಲ್ಲಿ ಅರ್ಜಿ ಹಾಕಿತು. ಸಣ್ಣ ಹೂಡಿಕೆದಾರರು ವರ್ಷಗಟ್ಟಲೆ ಕಣ್ಣಿಟ್ಟಿದ್ದು ಇಂಥ ಪೇಟೆಂಟ್ ಜಗಳದ ಮೇಲೆ. ಆದರೆ ಅವರನ್ನು ಮುಳುಗಿಸಿದ್ದು ಅದಲ್ಲ. ಕಂಪನಿ ತನ್ನ ಖರ್ಚಿಗೆ ವೈಎ ಗ್ಲೋಬಲ್ ಎಂಬ ಹಣಕಾಸು ಸಂಸ್ಥೆಯಿಂದ ಪರಿವರ್ತನೀಯ ಸಾಲಪತ್ರಗಳ ಮೂಲಕ ಸಾಲ ಎತ್ತುತ್ತಿತ್ತು. ಆ ಸಾಲವನ್ನು ಪೇಟೆಯ ದರಕ್ಕಿಂತ ಕಡಿಮೆ ಬೆಲೆಯಲ್ಲಿ ಷೇರುಗಳಾಗಿ ಬದಲಿಸಿಕೊಳ್ಳುವ ಹಕ್ಕು ಸಾಲ ಕೊಟ್ಟ ಆ ಸಂಸ್ಥೆಗಿತ್ತು. ಬೆಲೆ ಇಳಿದಷ್ಟೂ ಅದೇ ಸಾಲಕ್ಕೆ ಹೆಚ್ಚು ಷೇರು, ಹೆಚ್ಚು ಷೇರು ಪೇಟೆಗೆ ಬಂದಷ್ಟೂ ಬೆಲೆ ಮತ್ತಷ್ಟು ಕೆಳಗೆ. 2010ರಲ್ಲಿ 100 ಹಳೆಯ ಷೇರುಗಳನ್ನು ಸೇರಿಸಿ ಒಂದು ಮಾಡಿದರೂ ಕೆಲವೇ ವರ್ಷಗಳಲ್ಲಿ ಷೇರುಗಳ ಸಂಖ್ಯೆ ಮತ್ತೆ ನೂರಾರು ಕೋಟಿಗೆ ಬೆಳೆಯಿತು. ಅತ್ತ ಮೈಕ್ರೋಸಾಫ್ಟ್ ಕೂಡ 2009ರಲ್ಲಿ ತನ್ನದೇ ಬಣ್ಣದ ಕೋಡನ್ನು ತಂದು 2015ರಲ್ಲಿ ಕೈಬಿಟ್ಟಿತು. 2017ರಲ್ಲಿ ಆಪಲ್ ತನ್ನ ಐಫೋನಿನ ಕ್ಯಾಮೆರಾದಲ್ಲೇ ಕ್ಯೂಆರ್ ಓದುವ ಸೌಲಭ್ಯವನ್ನು ಉಚಿತವಾಗಿ ಸೇರಿಸಿದಾಗ, ಪ್ರತ್ಯೇಕ ಸ್ಕ್ಯಾನರ್ ಆ್ಯಪ್‌ಗಳ ವ್ಯವಹಾರಕ್ಕೆ ಬೇಡಿಕೆಯೇ ಕುಗ್ಗಿತು.

ಭಾರತದ ಕಾನೂನಿನಲ್ಲಿ ಅಷ್ಟು ಸಡಿಲವಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ಮುಖಬೆಲೆಗಿಂತ (ಷೇರಿಗೆ ಕಂಪನಿ ನಮೂದಿಸಿದ ಮೂಲ ಬೆಲೆಗಿಂತ) ಕಡಿಮೆಗೆ ಹೊಸ ಷೇರು ಹಂಚುವಂತಿಲ್ಲ. ನಿಮ್ಮ ಕಂಪನಿಯ ಮುಖಬೆಲೆ 1 ರೂಪಾಯಿ, ಪೇಟೆಯ ಬೆಲೆ 1.30. ಇನ್ನು 30 ಪೈಸೆ ಇಳಿದರೆ ಹೊಸ ಷೇರಿನ ಮೂಲಕ ಹಣ ಎತ್ತುವ ದಾರಿ ಬಹುತೇಕ ಮುಚ್ಚಿದಂತೆಯೇ, ಏಕೆಂದರೆ ಪೇಟೆಯಲ್ಲಿ 90 ಪೈಸೆಗೆ ಸಿಗುವುದನ್ನು ಕಂಪನಿಯಿಂದ 1 ರೂಪಾಯಿಗೆ ಯಾರು ಕೊಳ್ಳುತ್ತಾರೆ? ವಾರಂಟ್ ಪ್ರಸ್ತಾಪ ಈಗಲೇ ಅವಸರದಲ್ಲಿ ಬಂದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ.

ಈಗ ಆ 1.50ರ ವಿಷಯ. ಹೊರಗಿನವರು ಪೇಟೆಗಿಂತ ಹೆಚ್ಚು ಕೊಡುತ್ತಿದ್ದಾರೆ ಎಂಬುದನ್ನು ನೀವು ವಿಶ್ವಾಸದ ಗುರುತಾಗಿ ಓದಿದ್ದೀರಿ. ಸೆಬಿಯ ನಿಯಮದಂತೆ, ಹೀಗೆ ಆಯ್ದ ಕೆಲವರಿಗಷ್ಟೇ ಮಾಡುವ ಪ್ರಿಫರೆನ್ಷಿಯಲ್ ಹಂಚಿಕೆಯ ಕನಿಷ್ಠ ಬೆಲೆಯನ್ನು ಹಿಂದಿನ 90 ವಹಿವಾಟು ದಿನಗಳ ಸರಾಸರಿ ಮತ್ತು 10 ವಹಿವಾಟು ದಿನಗಳ ಸರಾಸರಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಕೆಳಗೆ ಇಡುವಂತಿಲ್ಲ. ನಾಲ್ಕು ತಿಂಗಳಿಂದ ಇಳಿಯುತ್ತಲೇ ಬಂದ ಷೇರಿನಲ್ಲಿ 90 ದಿನಗಳ ಸರಾಸರಿ ಇಂದಿನ ಬೆಲೆಗಿಂತ ಮೇಲಿರುವುದು ಸಹಜ. ನಿಮ್ಮ ನೋಟಿಸಿನ ವಿವರಣಾ ಟಿಪ್ಪಣಿಯಲ್ಲೇ ಆ ಸರಾಸರಿ 1.48 ಎಂದಿದೆ. ಅಂದರೆ 1.50 ಅವರ ಉದಾರತೆಯಲ್ಲ, ಕಾನೂನು ಹಾಕಿದ ಗೆರೆಗಿಂತ ಎರಡು ಪೈಸೆ ಮೇಲೆ. ಅದನ್ನೂ ಅವರು ಈಗಲೇ ಪೂರ್ತಿ ಕೊಡುತ್ತಿಲ್ಲ. ವಾರಂಟಿಗೆ ಮೊದಲು ಕಟ್ಟಬೇಕಾದದ್ದು ಶೇ. 25 ಮಾತ್ರ, ಅಂದರೆ ತಲಾ 37.5 ಪೈಸೆ, ಒಟ್ಟು 4.5 ಕೋಟಿ. ಉಳಿದ 13.5 ಕೋಟಿಯನ್ನು 18 ತಿಂಗಳೊಳಗೆ ಕಟ್ಟಿದರೆ ಷೇರು ಸಿಗುತ್ತದೆ, ಕಟ್ಟದಿದ್ದರೆ ಮೊದಲಿನ ಹಣ ಮುಟ್ಟುಗೋಲಾಗುತ್ತದೆ, ಅಷ್ಟೇ. ಬೆಲೆ 4 ರೂಪಾಯಿಗೆ ಏರಿದರೆ ಅವರು 1.50ಕ್ಕೆ ಷೇರು ಪಡೆಯುತ್ತಾರೆ. 80 ಪೈಸೆಗೆ ಇಳಿದರೆ 37.5 ಪೈಸೆ ಬಿಟ್ಟು ಹೊರಟುಹೋಗುತ್ತಾರೆ. 18 ತಿಂಗಳು ಕಾದು ನೋಡುವ ಈ ಹಕ್ಕು ಅವರಿಗಿದೆ, 4.10ನ್ನು ಪೂರ್ತಿ ಕಟ್ಟಿದ ನಿಮಗಿಲ್ಲ. ಪ್ರವರ್ತಕರಲ್ಲದವರಿಗೆ ಹೀಗೆ ಸಿಗುವ ಷೇರುಗಳ ಲಾಕ್-ಇನ್ (ಮಾರುವಂತಿಲ್ಲದ) ಅವಧಿಯೂ ವಹಿವಾಟಿಗೆ ಅನುಮತಿ ಸಿಕ್ಕ ದಿನದಿಂದ ಬರೀ 6 ತಿಂಗಳು.

ಈಗಿರುವ ಷೇರುಗಳು 18 ಕೋಟಿ. ವಾರಂಟುಗಳೆಲ್ಲ ಪರಿವರ್ತನೆಯಾದರೆ 30 ಕೋಟಿ. ಕಂಪನಿ ಮುಂದೆ ಒಂದು ರೂಪಾಯಿ ಲಾಭ ಗಳಿಸಿದರೆ ಅದರಲ್ಲಿ ಇಂದಿನ ಷೇರುದಾರರೆಲ್ಲರ ಪಾಲು 60 ಪೈಸೆ.

ಷೇರುದಾರರ ವಿವರದ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಆರು ತ್ರೈಮಾಸಿಕಗಳಲ್ಲಿ ಪ್ರವರ್ತಕರ ಪಾಲು ಶೇ. 41ರಿಂದ 19ಕ್ಕೆ ಇಳಿದಿದೆ. ಹೊಸ ಷೇರು ಹಂಚಿದ್ದರಿಂದ ಪಾಲು ಕರಗಿದ್ದರೆ ಒಟ್ಟು ಷೇರುಗಳ ಸಂಖ್ಯೆ ಏರಿರಬೇಕಿತ್ತು. ಅದು 18 ಕೋಟಿಯಲ್ಲೇ ನಿಂತಿದೆ. ಎಂದರೆ ಪ್ರವರ್ತಕರು ಮಾರಿದ್ದಾರೆ, ಅದೂ ಪೇಟೆಂಟ್ ಮತ್ತು ಒಪ್ಪಂದದ ಸುದ್ದಿಗಳು ಬರುತ್ತಿದ್ದ ಅದೇ ತಿಂಗಳುಗಳಲ್ಲಿ. ಮಾರುವವರು ದ್ರೋಹಿಗಳು ಎನ್ನುವ ಅಡ್ಮಿನ್ ಮಹಾಶಯರು ಈ ಹಾಳೆಯನ್ನು ಗುಂಪಿನಲ್ಲಿ ಹಾಕಿದ್ದನ್ನು ನೀವು ಕಂಡಿದ್ದೀರಾ?

ಇನ್ನು ಲೆಕ್ಕಪತ್ರ. ಲಾಭ-ನಷ್ಟದ ಪಟ್ಟಿಯಲ್ಲಿ 14 ಲಕ್ಷ ಲಾಭ ಕಾಣುತ್ತದೆ, ಗುಂಪಿನವರು ಮೆರೆಸುತ್ತಿರುವುದು ಅದನ್ನೇ. ನಗದು ಹರಿವಿನ ಪಟ್ಟಿಯಲ್ಲಿ ವ್ಯವಹಾರದಿಂದ 1.2 ಕೋಟಿ ಹೊರಹೋಗಿದೆ. ವರ್ಷದ ಮಾರಾಟ 3.10 ಕೋಟಿ, ವರ್ಷಾಂತ್ಯಕ್ಕೆ ಗಿರಾಕಿಗಳಿಂದ ಬರಬೇಕಾದ ಬಾಕಿ 2.75 ಕೋಟಿ. ಹೋಟೆಲಿನ ಉದ್ರಿ ಪುಸ್ತಕ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ವರ್ಷವಿಡೀ ಊಟ ಬಡಿಸಿ ಹತ್ತು ತಿಂಗಳಿಗೂ ಮಿಕ್ಕಿದ ಬಿಲ್ಲು ಇನ್ನೂ ಪುಸ್ತಕದಲ್ಲೇ ಇದ್ದರೆ, ಆ ಗಿರಾಕಿ ನಿಜವಾಗಿ ಉಂಡನೇ ಎಂಬುದೇ ಮೊದಲ ಪ್ರಶ್ನೆ. ಆ ಮಾರಾಟದಲ್ಲಿ 2.40 ಕೋಟಿ ಲೇಬಲ್ ಪ್ರಿಂಟರು ಮತ್ತು ಸ್ಟಿಕರ್ ರೋಲುಗಳ ವ್ಯಾಪಾರದ್ದು. ತಂತ್ರಜ್ಞಾನದ ಪರವಾನಗಿಯಿಂದ ಬಂದದ್ದು 22 ಲಕ್ಷ. ನೀವು ಕೊಂಡದ್ದು ತಂತ್ರಜ್ಞಾನದ ಕಂಪನಿ ಎಂದುಕೊಂಡು, ಕೈಯಲ್ಲಿರುವುದು ಹೆಚ್ಚಿನಂಶ ಪ್ರಿಂಟರ್ ಮಾರುವ ಅಂಗಡಿ. ಮತ್ತೊಂದು ಸಾಲು ಆಸ್ತಿ-ಹೊಣೆಯ ಪಟ್ಟಿಯಲ್ಲಿದೆ: ‘ಅಭಿವೃದ್ಧಿಯ ಹಂತದಲ್ಲಿರುವ ಅಮೂರ್ತ ಆಸ್ತಿ’ 9 ಕೋಟಿ, ಹಿಂದಿನ ವರ್ಷ 7.4 ಕೋಟಿ. ಎಂಜಿನಿಯರುಗಳ ಸಂಬಳವನ್ನು ಖರ್ಚೆಂದು ತೋರಿಸದೆ ಆಸ್ತಿಯೆಂದು ಬರೆದಾಗ ಈ ಸಾಲು ಹೀಗೆ ಉಬ್ಬುತ್ತದೆ. ಲೆಕ್ಕದ ಮಾನದಂಡಗಳು ಕೆಲವು ಷರತ್ತುಗಳೊಂದಿಗೆ ಇದಕ್ಕೆ ಅವಕಾಶ ಕೊಡುತ್ತವೆ, ಅದರಲ್ಲಿ ತಪ್ಪು ಹುಡುಕುತ್ತಿಲ್ಲ. ಆದರೆ ಆ 1.6 ಕೋಟಿಯನ್ನು ಖರ್ಚಿಗೆ ಹಾಕಿದ್ದರೆ 14 ಲಕ್ಷದ ಲಾಭ ಸುಮಾರು ಒಂದೂವರೆ ಕೋಟಿಯ ನಷ್ಟವಾಗುತ್ತಿತ್ತು. ಕಂಪನಿ ಮುಂದೆ ನಡೆಯಬಲ್ಲದೇ ಎಂಬ ಬಗ್ಗೆ ಲೆಕ್ಕಪರಿಶೋಧಕರು ಬರೆದ ಪ್ಯಾರಾವನ್ನೂ ಓದಿ, ವರದಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿದೆ.

ಪೇಟೆಂಟ್ ‘ಸಿಕ್ಕಿದೆ’ ಎಂಬ ಸುದ್ದಿಗೆ ಆಧಾರವಾಗಿ ನೀವು ಕಳುಹಿಸಿದ ಕಾಗದ ಅರ್ಜಿಯ ಪ್ರಕಟಣೆ ಮಾತ್ರ. ಯಾವ ಅರ್ಜಿಯಾದರೂ ಸಾಮಾನ್ಯವಾಗಿ 18 ತಿಂಗಳ ಬಳಿಕ ಪೇಟೆಂಟ್ ಪತ್ರಿಕೆಯಲ್ಲಿ ತಾನಾಗಿ ಪ್ರಕಟವಾಗುತ್ತದೆ. ಪರಿಶೀಲನೆ, ಆಕ್ಷೇಪ, ವಿಚಾರಣೆ ಎಲ್ಲ ಆಮೇಲಿನವು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದಿದ್ದಾರೆ. ಕಂಪ್ಯೂಟರ್ ಪ್ರೋಗ್ರಾಮಿಗೆ ಅದರಷ್ಟಕ್ಕೇ ಪೇಟೆಂಟ್ ಇಲ್ಲ ಎಂದು ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ವಿಧಿ ಹೇಳುತ್ತದೆ, ಇಂಥ ಅರ್ಜಿಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ. ಮುಂಬಯಿಯ ಪೇಟೆಂಟ್ ಕಚೇರಿ ಇರುವುದು ಆಂಟಾಪ್ ಹಿಲ್‌ನಲ್ಲಿ, ಮಾಟುಂಗದಿಂದ ದೂರವೇನಿಲ್ಲ. ಆದರೆ ಅಷ್ಟೂ ಹೋಗಬೇಕಾಗಿಲ್ಲ, ಅರ್ಜಿ ಸಂಖ್ಯೆ ಹಾಕಿದರೆ ಇಲಾಖೆಯ ಜಾಲತಾಣದಲ್ಲಿ ಅದರ ಸ್ಥಿತಿ ಪುಕ್ಕಟೆ ಕಾಣುತ್ತದೆ. ಪೇಟೆಂಟ್ ನಿಜವಾಗಿ ದೊರೆತಿದ್ದರೆ, ಅದನ್ನು ವಾಣಿಜ್ಯವಾಗಿ ಬಳಸಲಾಗುತ್ತಿದೆಯೇ ಎಂದು ಫಾರ್ಮ್ 27ರಲ್ಲಿ ಕಾಲಕಾಲಕ್ಕೆ ತಿಳಿಸಬೇಕಾಗುತ್ತದೆ. ಪತ್ರಿಕಾ ಹೇಳಿಕೆಗಿಂತ ಆ ಒಂದು ಫಾರ್ಮಿನ ಮೇಲೆ ನನಗೆ ಹೆಚ್ಚು ನಂಬಿಕೆ.

ಒಪ್ಪಂದದ ಸುದ್ದಿಯನ್ನೂ ಹಾಗೆಯೇ ಜರಡಿ ಹಿಡಿಯಿರಿ. ಲಿಸ್ಟ್ ಆಗಿರುವ ಕಂಪನಿ ಮಹತ್ವದ ಆರ್ಡರ್ ಪಡೆದರೆ ಕೊಟ್ಟವರು ಯಾರು, ಮೊತ್ತವೆಷ್ಟು, ಎಷ್ಟು ಅವಧಿಯೊಳಗೆ ಮುಗಿಸಬೇಕು ಎಂಬುದನ್ನು ಷೇರುಪೇಟೆಗೆ ತಿಳಿಸಬೇಕು. ‘ಪ್ರತಿಷ್ಠಿತ ಔಷಧ ಸಂಸ್ಥೆ’ ಎಂದಷ್ಟೇ ಬರೆದು ಹೆಸರನ್ನೂ ಮೊತ್ತವನ್ನೂ ನುಂಗಿದ ಹೇಳಿಕೆ ಆರ್ಡರ್ ಅಲ್ಲ. ತಿಳಿವಳಿಕೆ ಪತ್ರಕ್ಕೆ ಸಹಿ ಹಾಕುವುದರಿಂದ ಯಾರ ಖಜಾನೆಯಿಂದಲೂ ಹಣ ಹೊರಡುವುದಿಲ್ಲ.

ಗುಂಪಿನವರ ಕೈಯಲ್ಲಿರುವ ಗಟ್ಟಿ ವಾದವೆಂದರೆ ಸರ್ಕಾರದ ಆದೇಶ. 2023ರ ಆಗಸ್ಟ್ 1ರಿಂದ 300 ಔಷಧ ಬ್ರ್ಯಾಂಡುಗಳ ಲೇಬಲ್ಲಿನ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿರುವುದು ನಿಜ. ಬ್ಯಾಚ್ ಸಂಖ್ಯೆ, ತಯಾರಕರ ಹೆಸರು, ಅವಧಿ ಮುಗಿಯುವ ದಿನಾಂಕ ಮುಂತಾದವು ಅದರಲ್ಲಿರಬೇಕು. ಆದರೆ ಯಾರ ಸಾಫ್ಟ್‌ವೇರಿನಿಂದ ಎಂದು ಆದೇಶ ಹೇಳುವುದಿಲ್ಲ. ದೊಡ್ಡ ಔಷಧ ಕಂಪನಿಗಳು ರಫ್ತಿಗಾಗಿ ಪೊಟ್ಟಣಗಳಿಗೆ ಕ್ರಮಸಂಖ್ಯೆ ಹಾಕುವ ಯಂತ್ರಗಳನ್ನು ಮೊದಲೇ ಇಟ್ಟುಕೊಂಡಿವೆ. ಕಡ್ಡಾಯವಾದ ಕೆಲಸಕ್ಕೆ ಎಲ್ಲರೂ ಮುಗಿಬಿದ್ದಾಗ ದರ ಇಳಿಯುವುದೇ ಹೆಚ್ಚು.

ಆವರೇಜ್ ಮಾಡುವ ಬಗ್ಗೆ ಮಾತ್ರ ನಾನು ಅಳುಕಿಲ್ಲದೆ ಹೇಳುತ್ತೇನೆ: ಈ ಕಾಗದಗಳ ಮೇಲೆ ಅದಕ್ಕೆ ಸಮರ್ಥನೆಯಿಲ್ಲ. ಇನ್ನೂ 78,000 ಹಾಕಿ 60,000 ಕೊಂಡರೆ ನಿಮ್ಮ ಸರಾಸರಿ 2.70ಕ್ಕೆ ಇಳಿಯುತ್ತದೆ, ಮನಸ್ಸಿಗೆ ಹಗುರವೆನಿಸುತ್ತದೆ. ಆದರೆ ಹಂಚಿಕೆಯ ನಂತರದ 30 ಕೋಟಿ ಷೇರುಗಳ ಲೆಕ್ಕದಲ್ಲಿ 2.70 ಎಂದರೆ ಇಡೀ ಕಂಪನಿಯ ಬೆಲೆ 81 ಕೋಟಿ. ವಾರಂಟಿನಿಂದ ಬರುವ 18 ಕೋಟಿ ನಗದು ಒಂದು ಪೈಸೆಯೂ ಪೋಲಾಗದೆ ಪೂರ್ತಿ ಉಳಿದಿದೆ ಎಂದುಕೊಂಡರೂ, ವ್ಯವಹಾರಕ್ಕೇ 63 ಕೋಟಿ ಬೆಲೆ ಬರಬೇಕು. ಇಂದು ಪೇಟೆ ಕಟ್ಟಿರುವ ಬೆಲೆ 23.4 ಕೋಟಿ. ಪರವಾನಗಿಯಿಂದ ವರ್ಷಕ್ಕೆ 22 ಲಕ್ಷ ಗಳಿಸುವ ಕಂಪನಿ ಎರಡೂವರೆ ಪಟ್ಟಿಗೂ ಮಿಕ್ಕಿ ಬೆಳೆದರೆ ಮಾತ್ರ ನಿಮಗೆ ಅಸಲು ಸಿಗುತ್ತದೆ, ಲಾಭದ ಮಾತು ಆಮೇಲಿನದು. ನಾಲ್ಕು ತ್ರೈಮಾಸಿಕ ಸತತವಾಗಿ ಪರವಾನಗಿಯ ಆದಾಯ ಏರಿ, ಬಾಕಿ ಇಳಿದು, ನಗದು ಒಳಬಂದರೆ ಅಭಿಪ್ರಾಯ ಬದಲಿಸಲು ನಾನು ಸಿದ್ಧ. ಆಗ 2 ರೂಪಾಯಿ ಕೊಟ್ಟು ಕೊಂಡರೂ ಇಂದು 1.30ಕ್ಕೆ ಕೊಂಡದ್ದಕ್ಕಿಂತ ಅಪಾಯ ಕಡಿಮೆ.

ಕೈಯಲ್ಲಿರುವುದನ್ನು ಹೊರಗೆ ತೆಗೆಯಬೇಕೆನಿಸಿದರೆ, ತೆರೆಯ ಮೇಲೆ ಕಾಣುವ 78,000ವನ್ನು ಕೈಗೆ ಬಂದ ಹಣವೆಂದು ಎಣಿಸಬೇಡಿ. ನಿಮ್ಮ ಷೇರು, ಸಣ್ಣ ಕಂಪನಿಗಳಿಗಾಗಿ 2023ರಲ್ಲಿ ತಂದ ಇಎಸ್‌ಎಂ ನಿಗಾ ಪಟ್ಟಿಯಲ್ಲಿದೆ: ಕೊಂಡದ್ದನ್ನು ಅದೇ ದಿನ ಮಾರುವಂತಿಲ್ಲ, ದಿನದ ಏರಿಳಿತ ಶೇ. 5 ಮೀರುವಂತಿಲ್ಲ. 1.30ಕ್ಕೆ ಶೇ. 5 ಎಂದರೆ 6 ಪೈಸೆ. ನೀವು ಕಳುಹಿಸಿದ ತೆರೆಯ ಚಿತ್ರದಲ್ಲಿ ಕೆಳಗಿನ ಸರ್ಕ್ಯೂಟ್ (ಆ ದಿನ ಬೆಲೆ ಇಳಿಯಬಹುದಾದ ಕೊನೆಯ ಮಿತಿ) 1.24ರಲ್ಲಿ 14 ಲಕ್ಷ ಷೇರು ಮಾರಾಟಕ್ಕೆ ನಿಂತಿವೆ, ಕೊಳ್ಳುವವರ ಕಡೆ ಸೊನ್ನೆ. ಈಗ ದಿನಕ್ಕೆ ಸರಾಸರಿ 40,000 ಷೇರು ಕೈಬದಲಾಗುವ ಕಡೆ ನಿಮ್ಮೊಬ್ಬರ 60,000ವೇ ಒಂದೂವರೆ ದಿನದ ಪೇಟೆ; ಐವರದ್ದೂ ಸೇರಿದ 2.4 ಲಕ್ಷ ಆರು ದಿನದ್ದು. ಒಂದೇ ಬೆಲೆಯಲ್ಲಿ ಮೊದಲು ಬಂದ ಆರ್ಡರಿಗೆ ಮೊದಲ ಸರದಿಯಾದ್ದರಿಂದ, ಸರ್ಕ್ಯೂಟ್ ಬಿದ್ದ ಮೇಲೆ ಮಧ್ಯಾಹ್ನ ಆರ್ಡರ್ ಹಾಕಿ ಫಲವಿಲ್ಲ. ಇಂಥ ಷೇರುಗಳಲ್ಲಿ ಕೊಳ್ಳುವವರು ಕಾಣಿಸಿಕೊಳ್ಳುವುದು ಏನಾದರೊಂದು ಪ್ರಕಟಣೆ ಬಂದ ಒಂದೆರಡು ದಿನ ಮಾತ್ರ, ಗುಂಪಿನಲ್ಲಿ ಮಾರಬೇಡಿ ಎಂಬ ಕೂಗು ಜೋರಾಗುವುದೂ ಆ ದಿನಗಳಲ್ಲೇ. ಯೂಟ್ಯೂಬ್ ವಿಡಿಯೋಗಳಿಂದ ಸಣ್ಣ ಷೇರುಗಳ ಬೆಲೆ ಉಬ್ಬಿಸಿ ಮೇಲ್ಗಡೆ ಮಾರಿದ ಪ್ರಕರಣದಲ್ಲಿ ಸೆಬಿ 2023ರ ಮಾರ್ಚಿನಲ್ಲಿ ಹೊರಡಿಸಿದ ಆದೇಶವನ್ನು ಬಿಡುವಿದ್ದಾಗ ಓದಿ.

ತೆರಿಗೆಯ ದೃಷ್ಟಿಯಿಂದ, ಒಂದು ವರ್ಷಕ್ಕೂ ಮಿಕ್ಕಿ ಇಟ್ಟುಕೊಂಡ ಷೇರಾದ್ದರಿಂದ ಇದು ದೀರ್ಘಾವಧಿ ನಷ್ಟ. ಎಲ್ಲವೂ 1.30ಕ್ಕೆ ಮಾರಾಟವಾದರೆ 1,68,000. ಇದನ್ನು ದೀರ್ಘಾವಧಿ ಲಾಭದ ವಿರುದ್ಧ ಮಾತ್ರ ಹೊಂದಿಸಬಹುದು, ಹೋಟೆಲಿನ ಆದಾಯದ ವಿರುದ್ಧ ಅಲ್ಲ. ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ನಿಮ್ಮ ಮ್ಯೂಚುವಲ್ ಫಂಡಿನ ಲಾಭ ಈ ವರ್ಷ 1.25 ಲಕ್ಷದ ವಿನಾಯಿತಿಯೊಳಗೇ ಇದ್ದರೆ, ತೆರಿಗೆಯೇ ಬೀಳದ ಆ ಲಾಭವನ್ನು ಈ ನಷ್ಟ ಮೊದಲು ತಿಂದುಹಾಕುತ್ತದೆ. ಯಾವ ವರ್ಷ ಮಾರುವಿರಿ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರೊಂದಿಗೆ ಕೂತು ನೋಡಿ.

ಮಾರಿದರೂ ಮಾರದಿದ್ದರೂ ಮತ ಹಾಕಿ. ನೋಟಿಸಿನಲ್ಲಿ ಹೇಳಿದ ಕಟ್-ಆಫ್ ದಿನ ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಷೇರು ಇದ್ದದ್ದರಿಂದ ಹಕ್ಕು ನಿಮ್ಮದೇ, ಆಮೇಲೆ ಮಾರಿದ್ದರೂ ಸರಿ. ಇದು ವಿಶೇಷ ನಿರ್ಣಯ. ಪರವಾದ ಮತಗಳು ವಿರೋಧದ ಮೂರು ಪಟ್ಟಾದರೂ ಇರಬೇಕು, ಮತ್ತು ಎಣಿಕೆಗೆ ಬರುವುದು ಚಲಾಯಿಸಿದ ಮತಗಳು ಮಾತ್ರ. ಪ್ರವರ್ತಕರ ಶೇ. 19 ಎಂದರೆ 3.42 ಕೋಟಿ ಮತ. ಅವರಷ್ಟೇ ಪರವಾಗಿ ನಿಂತರೆ 1.14 ಕೋಟಿಗಿಂತ ಒಂದು ಮತ ಹೆಚ್ಚು ವಿರೋಧ ಬಂದರೂ ನಿರ್ಣಯ ಬೀಳುತ್ತದೆ. ನಿಮ್ಮ ಐವರ 2.4 ಲಕ್ಷದಿಂದ ಅದು ಆಗದು. ಆದರೆ ಹೊರಗಿನ ಷೇರುದಾರರ ಕೈಯಲ್ಲಿ 14.58 ಕೋಟಿ ಇದೆ, ಅವರಲ್ಲಿ ಅನೇಕರು ಅದೇ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ದಿನಕ್ಕೆ ನೂರು ಸಂದೇಶ ಬರುವ ಆ ಗುಂಪಿನಲ್ಲಿ ಇ-ವೋಟಿಂಗ್ ಬಗ್ಗೆ ಒಂದೂ ಬಂದಿಲ್ಲ ಎಂದು ನೀವೇ ಬರೆದಿದ್ದೀರಿ. ಮತ ಹಾಕುವ ಮೊದಲು ನೋಟಿಸಿನಲ್ಲಿ ಆ ಆರು ಮಂದಿಯ ಹಿಂದಿರುವ ನಿಜವಾದ ಮಾಲೀಕರ ಹೆಸರುಗಳ ಪಟ್ಟಿ ಇರುತ್ತದೆ, ನೋಡಿ. ಅದೇ ಹೆಸರುಗಳು ಹಿಂದಿನ ತ್ರೈಮಾಸಿಕಗಳ ಶೇ. 1ಕ್ಕಿಂತ ಹೆಚ್ಚು ಪಾಲಿನವರ ಪಟ್ಟಿಯಲ್ಲಿ ಬಂದುಹೋಗಿವೆಯೇ ಎಂದು ಹೋಲಿಸಿ. ಬಂದುಹೋಗಿದ್ದರೆ, ಎರಡೂ ಪುಟಗಳನ್ನು ಲಗತ್ತಿಸಿ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ಸಲ್ಲಿಸಬಹುದು, ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ. ಮತದಾನ ಮುಗಿದ ಎರಡು ಕೆಲಸದ ದಿನಗಳೊಳಗೆ ಫಲಿತಾಂಶ ಬಿಎಸ್‌ಇ ತಾಣಕ್ಕೆ ಬರುತ್ತದೆ; ಅದರಲ್ಲಿ ಪ್ರವರ್ತಕರು, ಸಂಸ್ಥೆಗಳು, ಇತರ ಸಾರ್ವಜನಿಕರು ಎಂದು ಮತಗಳನ್ನು ಬೇರೆ ಬೇರೆ ತೋರಿಸಿರುತ್ತಾರೆ. ಆ ಹಾಳೆ ಬಂದ ಮೇಲೆ ನನಗೂ ಒಂದು ಪ್ರತಿ ಕಳುಹಿಸಿ.